ಎಡಗೈಯಲ್ಲಿ ಚಪ್ಪಲಿ

ನನಗೊಂದು ಅಭ್ಯಾಸವಿದೆ. ಚಪ್ಪಲಿ ಬಿಡಬೇಕಾದ ಜಾಗದಲ್ಲಿ ನಾನು ಚಪ್ಪಲಿ ಬಿಡುವುದಿಲ್ಲ. ಕಳಚಿ ಎಡಗೈಯಲ್ಲಿ ಹಿಡಿದುಕೊಂಡು ಒಳಗೆ ಹೋಗಿಬಿಡುತ್ತೇನೆ. ಮದುವೆಮನೆ, ಡಾಕ್ಟರ ಕ್ಲಿನಿಕ್ಕು, ಯಾರದೋ ಗೃಹಪ್ರವೇಶ, ಎಲ್ಲಿಯಾದರೂ ಸರಿ. ಬೇಕೆಂದು ಮಾಡುವುದಲ್ಲ. ಊಟದ ಎಲೆಯ ಮುಂದೆ ಕುಳಿತು, ಪಕ್ಕದವರು ಮುಖ ಸಿಂಡರಿಸಿ ಅತ್ತ ಸರಿದಾಗಲೇ ಕೈಯಲ್ಲಿ ಏನಿದೆ ಎಂಬುದು ನನಗೆ ಗೊತ್ತಾಗುವುದು. ಒಮ್ಮೆ ಹೊಳಲ್ಕೆರೆಯಲ್ಲಿ ಒಂದು ಮದುವೆಯಿಂದ ಹೊರಗೆ ಬರುತ್ತಿದ್ದಾಗ ಹೆಣ್ಣಿನ ಚಿಕ್ಕಪ್ಪ ಬಾಗಿಲಲ್ಲಿ ತಡೆದು, ‘ಯಾರವಪ್ಪ ಇವು?’ ಎಂದು ಚಪ್ಪಲಿ ತೋರಿಸಿ ಕೇಳಿದರು.

‘ನನ್ನವೇ’ ಎಂದೆ.

‘ಎಲ್ರೂ ಹಂಗೇ ಅಂತಾರೆ’ ಎಂದರು.

ನನ್ನ ಹೆಂಡತಿ ಸುಧಾಳಿಗೆ ಇದು ದೊಡ್ಡ ಅವಮಾನ. ‘ನಿಮ್ಮ ಚಪ್ಪಲಿ ಯಾರೂ ಕದಿಯಲ್ಲ ರೀ. ತಪ್ಪಿ ಕದ್ದರೂ ಮನೆಗೆ ಹೋಗಿ ನೋಡಿ ವಾಪಸ್ ತಂದಿಟ್ಟು ಹೋಗ್ತಾರೆ’ ಎನ್ನುತ್ತಾಳೆ. ಅದು ನಿಜವೇ. ಆದರೆ ನನ್ನ ಕೈಗೆ ಆ ನಿಜ ತಿಳಿಯುವುದಿಲ್ಲ.

ಈ ಅಭ್ಯಾಸ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಒಂದು ಸುಂದರವಾದ ಉತ್ತರವಿತ್ತು. ಆರು ವರ್ಷದವನಿದ್ದಾಗ ಧರ್ಮಪುರದಲ್ಲಿ ಒಂದು ನಾಟಕ ನೋಡಿದ್ದೆ. ನಡುವೆ ಒಬ್ಬ ಹೆಂಗಸು ಪ್ರೇಕ್ಷಕರ ನಡುವಿನಿಂದ ಎದ್ದು, ಎಡಗೈಯಲ್ಲಿ ಚಪ್ಪಲಿ, ಬಲ ಮುಂಗೈ ಮೇಲೆ ಒಂದು ಸೇವಂತಿಗೆ ಹಾರ ಇಳಿಬಿಟ್ಟುಕೊಂಡು ರಂಗದ ಮೇಲೆ ಹತ್ತಿದಳು. ಸಂಜೆಯ ಬೆಳಕು ಶೇಂಗಾ ಸಿಪ್ಪೆಯ ಬಣ್ಣಕ್ಕಿತ್ತು. ಅವಳು ನಡೆದ ರೀತಿ ಹೇಗಿತ್ತೆಂದರೆ, ಅಲ್ಲಿ ನಾಟಕ ನಡೆಯುತ್ತಿದೆ ಎಂಬುದು ಅವಳಿಗೆ ಗೊತ್ತೇ ಇಲ್ಲವೇನೋ, ತನ್ನ ಮನೆಯ ಪಡಸಾಲೆಯಿಂದ ಅಡುಗೆಮನೆಗೆ ಹೋಗುತ್ತಿದ್ದಾಳೇನೋ, ಎನ್ನುವ ಹಾಗೆ. ಆ ಚಿತ್ರ ನನ್ನ ಕೈಗಿಳಿದು ಅಭ್ಯಾಸವಾಯಿತು ಎಂದು ನಾನು ಹೇಳುತ್ತಿದ್ದೆ. ಕೇಳಿದವರು ಚೆನ್ನಾಗಿದೆ ಎಂದು ತಲೆದೂಗುತ್ತಿದ್ದರು. ಹೋದ ವರ್ಷದ ತನಕ ಇದು ಹೀಗೆಯೇ ನಡೆಯಿತು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಎರಡು ವರ್ಷ ಪಾಠ ಮಾಡಿದೆ, ಬೇಜಾರಾಗಿ ಬಿಟ್ಟೆ. ಪತ್ರಿಕೆಯಲ್ಲಿ ಕೆಲಸ ಮಾಡಿದೆ, ಅದನ್ನೂ ಬಿಟ್ಟೆ. ವಿಮೆ ಮಾರಿದೆ, ತೋಟದ ಪೈಪು ಮಾರಿದೆ. ಯಾವುದರಲ್ಲೂ ನಿಲ್ಲದಿದ್ದರೂ ಚಿತ್ರದುರ್ಗದಲ್ಲಿ ನನಗೆ ಇವತ್ತಿಗೂ ‘ಮೇಷ್ಟ್ರು’ ಎಂದೇ ಹೆಸರು. ಓದಿದ ಇತಿಹಾಸ ಮರೆತುಹೋಗಿದೆ. ಉಳಿದಿರುವುದು ನಮ್ಮ ಪ್ರೊಫೆಸರು ಕಲಿಸಿದ ಅನುಮಾನ ಮಾತ್ರ. ‘ಕಣ್ಣಾರೆ ಕಂಡೆ ಅನ್ನುವವನನ್ನು ಮೊದಲು ಅನುಮಾನಿಸಬೇಕು’ ಎನ್ನುತ್ತಿದ್ದರು. ಇತರರನ್ನು ಅನುಮಾನಿಸಿ ಸುಸ್ತಾದ ಮೇಲೆ ನಾನು ನನ್ನನ್ನೇ ಅನುಮಾನಿಸತೊಡಗಿದೆ.

ಅದಕ್ಕೆ ಕಾರಣವೂ ಇತ್ತು. ಮಾರಿಕಣಿವೆ ಜಲಾಶಯ ಕೋಡಿ ಬಿದ್ದದ್ದನ್ನು ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ನೀರಿನ ಮೊರೆತ, ಕೆನ್ನೆಗೆ ತಾಗಿದ ತುಂತುರು, ಅಪ್ಪನ ತಲೆಯ ಎಣ್ಣೆಯ ವಾಸನೆ ಎಲ್ಲವೂ ನೆನಪಿದೆ. ಇದನ್ನು ಹಿರಿಯೂರಿನ ಹೋಟೆಲೊಂದರಲ್ಲಿ ವರ್ಣಿಸುತ್ತಿದ್ದಾಗ ಎದುರಿಗೆ ಕುಳಿತ ಮುದುಕರೊಬ್ಬರು ಕಾಫಿ ಲೋಟ ಕೆಳಗಿಟ್ಟು, ‘ನಿಮ್ಮಪ್ಪ ಹುಟ್ಟಾಕೆ ಮುಂಚೆ ಒಂದ್ಸಲ ಬಿದ್ದಿತ್ತು ಕಣಪ್ಪ. ಆಮ್ಯಾಲೆ ಬಿದ್ದಿದ್ದು ಈಗ ಮೊನ್ನೆ ಮೊನ್ನೆ. ನಡುವೆ ನೀನು ಯಾವ ಕೋಡಿ ನೋಡ್ದಿ?’ ಎಂದರು. ನಾನು ವಿಚಾರಿಸಿದೆ. ಅವರ ಮಾತು ನಿಜ. ಹಾಗಾದರೆ ನನ್ನ ಕೆನ್ನೆಗೆ ತಾಗಿದ ಆ ನೀರು ಯಾವುದು? ಇವತ್ತಿಗೂ ಗೊತ್ತಿಲ್ಲ. ಆದರೆ ಒರೆಸಿಕೊಳ್ಳಲೂ ಮನಸ್ಸಿಲ್ಲ.

ಅದಿರಲಿ, ನಾಟಕಕ್ಕೆ ಬರುತ್ತೇನೆ.

ಚಿತ್ರದುರ್ಗದಲ್ಲಿ ನಮ್ಮದೊಂದು ನಾಟಕದ ಬಳಗವಿದೆ. ಬಳಗ ಎಂದರೆ ಸಂಜೆ ಹೊತ್ತು ಮನೆಯಲ್ಲಿ ಯಾರಿಗೂ ಬೇಡವಾದ ಹತ್ತು ಹನ್ನೆರಡು ಜನ. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಶೈಲಜಾ ನಮ್ಮ ನಿರ್ದೇಶಕಿ. ಶಾಲೆ ಮುಗಿಸಿ ಬಸ್ಸಿಳಿದು, ಊಟದ ಡಬ್ಬಿಯ ಸಮೇತ ನೇರವಾಗಿ ತಾಲೀಮಿಗೆ ಬರುತ್ತಾರೆ. ಹೋದ ವರ್ಷ ಅವರು, ‘ಈ ಸಲ ಗಂಭೀರ ನಾಟಕ ಬೇಡ. ಜನ ನಗಲಿ. ಪೆಟಾರಿ ನಾಟಕ ಆಡೋಣ’ ಎಂದರು. ಕೇಳಿದ ತಕ್ಷಣ ನಮ್ಮ ಅರ್ಧ ಜನ ನಗುವುದಕ್ಕೆ ಶುರುಮಾಡಿದರು.

ಪೆಟಾರಿ ಎಂದರೆ ಮರದ ದೊಡ್ಡ ಪೆಟ್ಟಿಗೆ. ಆ ನಾಟಕಕ್ಕೆ ಬೇರೇನೋ ಹೆಸರಿದೆ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಆ ಹೆಸರು ಯಾರಿಗೂ ಬೇಕಿಲ್ಲ. ಅಜ್ಜಂದಿರ ಕಾಲದಿಂದ ಆಡಿಕೊಂಡು ಬಂದ ನಗೆನಾಟಕ. ಒಬ್ಬ ಗೌಡ, ಅವನಿಗೊಬ್ಬಳು ಮಗಳು. ಪಟ್ಟಣದ ವರನೇ ಬೇಕೆಂದು ಗೌಡನ ಹಟ. ಮಗಳ ಮನಸ್ಸು ಸೋದರತ್ತೆಯ ಮಗನ ಮೇಲೆ. ಆ ಹುಡುಗ ಕದ್ದು ಬಂದಾಗ ಗೌಡ ಬಂದುಬಿಡುತ್ತಾನೆ; ಹುಡುಗ ಪೆಟಾರಿಯೊಳಗೆ ಸೇರಿಕೊಳ್ಳುತ್ತಾನೆ. ಅಲ್ಲಿಂದ ಮುಂದಕ್ಕೆ ನಾಟಕವೆಲ್ಲ ಪೆಟಾರಿಯ ಮೇಲೆಯೇ. ಗೌಡ ಅದರ ಮೇಲೆ ಕುಳಿತು ಉಣ್ಣುತ್ತಾನೆ, ಎಲೆಯಡಿಕೆ ಹಾಕುತ್ತಾನೆ, ಸೋದರಳಿಯನನ್ನು ಬೈಯುತ್ತಾನೆ, ಕೊನೆಗೆ ಅದೇ ಪೆಟಾರಿಯನ್ನು ಪಟ್ಟಣದ ವರನಿಗೆ ಬಳುವಳಿಯಾಗಿ ಹೊರಿಸಿ ಕಳಿಸುತ್ತಾನೆ. ಮುಂದಿನದು ನೀವೇ ಊಹಿಸಬಹುದು.

ಗೌಡನ ಪಾರ್ಟು ಬಸಣ್ಣನದು. ಸಂತೆಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿರುವ, ಕುಳಿತಲ್ಲಿಂದ ಏಳಲು ಬೇಸರಪಡುವ ಬಸಣ್ಣ ಆ ಪಾರ್ಟಿಗೆಂದೇ ಹುಟ್ಟಿದವನು. ಪೆಟಾರಿಯೂ ಅವನ ಮನೆಯದೇ. ಅದರಲ್ಲಿ ರಾಗಿ ತುಂಬಿಡುತ್ತಿದ್ದರು. ಪೆಟಾರಿಯೊಳಗಿನ ಪ್ರೇಮಿ ಯಾರು ಎಂಬ ಪ್ರಶ್ನೆ ಬಂದಾಗ ಮೂಲೆಯಲ್ಲಿ ಕುಳಿತಿದ್ದ ಓಬಣ್ಣ ಎದ್ದು ನಿಂತರು.

ಓಬಣ್ಣ ಭರಮಸಾಗರದವರು. ಎಪ್ಪತ್ತರ ಹತ್ತಿರದ ವಯಸ್ಸು, ಉದ್ದ ಕೈಕಾಲು, ನಿಂತರೆ ಕಟಕಟ ಎನ್ನುವ ಮೊಣಕಾಲು. ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಅವರ ಬಸ್ಸು ಯಾವತ್ತೂ ಹೊತ್ತಿಗೆ ಸರಿಯಾಗಿ ಹೊರಟಿದ್ದಿಲ್ಲ ಎಂದು ಪ್ರಸಿದ್ಧಿ. ದೂರದಲ್ಲಿ ಯಾರಾದರೂ ಹೆಂಗಸು ಗಂಟು ಹೊತ್ತು ಓಡಿಬರುವುದು ಕಂಡರೆ ಸಾಕು, ಡ್ರೈವರು ಎಷ್ಟೇ ಬೈದರೂ ಸೀಟಿ ಊದುತ್ತಿರಲಿಲ್ಲವಂತೆ.

‘ಪೆಟಾರಿ ಪಾರ್ಟು ನಂದು ಮೇಡಂ’ ಎಂದರು ಓಬಣ್ಣ. ‘ಇಪ್ಪತ್ತರ ವಯಸ್ಸಿಂದ ಮಾಡೀನಿ.’

‘ಓಬಣ್ಣೋರೆ, ಆ ಹುಡುಗನಿಗೆ ಈಗಲೂ ಇಪ್ಪತ್ತೇ ವಯಸ್ಸು’ ಎಂದರು ಶೈಲಜಾ, ನೋವಾಗದಂತೆ.

‘ಪೆಟಾರಿ ಒಳಗೆ ವಯಸ್ಸು ಯಾರಿಗೆ ಕಾಣುತ್ತೆ ಮೇಡಂ? ಇದೊಂದ್ಸಲ ಮಾಡ್ತೀನಿ. ಮುಂದಿನ ಸಲಕ್ಕೆ ಈ ಮೊಣಕಾಲು ಮಡಚಾಕಿಲ್ಲ.’

ಬಸಣ್ಣ ಕುಳಿತಲ್ಲಿಂದಲೇ, ‘ಲೇ ಓಬಣ್ಣ, ಒಳಗೆ ಹೋಗೋದು ಬಿಡು, ಹೊರಗೆ ತೆಗೆಯಾಕೆ ಬಡಗಿ ಕರೆಸ್ಬೇಕಾಗುತ್ತೆ’ ಎಂದ. ಎಲ್ಲರೂ ನಕ್ಕರು; ಓಬಣ್ಣನೂ ನಕ್ಕರು. ಪಾರ್ಟು ಅವರಿಗೇ ಸಿಕ್ಕಿತು. ನನಗೆ ಸಿಕ್ಕಿದ್ದು ಪರದೆಯ ಹಗ್ಗ.

ತೊಡಕು ಶುರುವಾದದ್ದು ಎರಡನೆಯ ವಾರ. ಗೌಡ ಸೋದರಳಿಯನನ್ನು ಹುಡುಕುತ್ತ ಬಾಗಿಲ ಹಿಂದೆ ಇಣುಕುವ ಜಾಗ ಬಂತು. ಬಸಣ್ಣ ಬಾಗಿಲ ಕಡೆ ತಿರುಗಿದ. ಪೆಟಾರಿಯ ಒಳಗಿನಿಂದ ಓಬಣ್ಣನ ಧ್ವನಿ ಬಂತು: ‘ಈಗ ಅಕ್ಕ ಬರ್ಬೇಕು.’

‘ಯಾವ ಅಕ್ಕ?’ ಎಂದರು ಶೈಲಜಾ.

ಅವರಿಗೆ ಗೊತ್ತಿರಲಿಲ್ಲ. ಅವರು ಬೇರೆ ಜಿಲ್ಲೆಯಿಂದ ಬಂದವರು. ನಮಗೆಲ್ಲರಿಗೂ ಗೊತ್ತಿತ್ತು. ಆ ಜಾಗದಲ್ಲಿ ಒಬ್ಬ ಹೆಂಗಸು ಪ್ರೇಕ್ಷಕರ ನಡುವಿನಿಂದ ಎದ್ದು ಬಂದು, ಪೆಟಾರಿಯ ಮುಚ್ಚಳ ತೆಗೆದು, ಒಳಗಿರುವವನ ಕೊರಳಿಗೆ ಹಾರ ಹಾಕುತ್ತಾಳೆ. ಅವನು ತಲೆಯೆತ್ತಿ, ‘ಮುಚ್ಚಕ್ಕ, ನಾನಿನ್ನೂ ಸಿಕ್ಕಿಲ್ಲ!’ ಎನ್ನುತ್ತಾನೆ. ಆ ಮಾತಿಗೆ ಬೀಳುವ ನಗೆಗಾಗಿಯೇ ಜನ ಪೆಟಾರಿ ನಾಟಕಕ್ಕೆ ಬರುವುದು. ನಮ್ಮ ಕಡೆ ಕಣ್ಣಾಮುಚ್ಚಾಲೆ ಆಡುವ ಮಕ್ಕಳೂ ಆ ಮಾತು ಆಡುತ್ತವೆ.

ಶೈಲಜಾ ತಮ್ಮ ಕೈಯಲ್ಲಿದ್ದ ಅಚ್ಚಾದ ಪುಸ್ತಕವನ್ನು ಹಿಂದೆ ಮುಂದೆ ತಿರುವಿದರು. ‘ಇದರಲ್ಲಿ ಅಕ್ಕ ಅನ್ನೋ ಪಾತ್ರವೇ ಇಲ್ಲ. ಮುಚ್ಚಳ ತೆಗೆದುಬಿಟ್ರೆ ಗೌಡನಿಗೆ ಗೊತ್ತಾಗಲ್ವಾ?’

‘ನಾನು ಬಾಗಿಲ ಕಡೆ ತಿರುಗಿರ್ತೀನಲ್ಲ ಮೇಡಂ’ ಎಂದ ಬಸಣ್ಣ. ‘ನಮ್ಮಜ್ಜನ ಕಾಲದಿಂದ ಗೌಡ ಆ ಕಡೆನೇ ತಿರುಗಿರೋದು.’

ಇದು ಅರ್ಥವಾಗಬೇಕಾದರೆ ನಮ್ಮ ಕಡೆಯ ಒಂದು ಪದ್ಧತಿ ತಿಳಿದಿರಬೇಕು. ಹಳ್ಳಿಯ ನಾಟಕದಲ್ಲಿ ಪಾರ್ಟು ಮಾಡುವವನಿಗೆ ಅವನ ನೆಂಟರಿಷ್ಟರು ನಡುನಾಟಕದಲ್ಲೇ ರಂಗಕ್ಕೆ ಹತ್ತಿ ಹಾರ ಹಾಕುತ್ತಾರೆ. ಯುದ್ಧಕ್ಕೆ ನಿಂತ ರಾಜ ಕತ್ತಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬೀಗರ ಮುಂದೆ ಕುತ್ತಿಗೆ ಬಗ್ಗಿಸಿ, ‘ಊಟ ಆಯ್ತಾ?’ ಎಂದು ಕೇಳಿ, ಮತ್ತೆ ಯುದ್ಧ ಮುಂದುವರಿಸುತ್ತಾನೆ. ಶತ್ರು ಆ ಸಂದಿನಲ್ಲಿ ನೀರು ಕುಡಿದು ಬರುತ್ತಾನೆ. ಯಾರಿಗೂ ಇದರಿಂದ ರಸಭಂಗವಾದದ್ದನ್ನು ನಾನು ನೋಡಿಲ್ಲ.

ಪೆಟಾರಿ ನಾಟಕದ ಅಕ್ಕನೂ ಹೀಗೆ ಒಂದು ದಿನ ಹತ್ತಿ ಬಂದವಳೇ ಇರಬೇಕು. ಯಾವ ಊರಿನಲ್ಲಿ ಎಂಬುದಕ್ಕೆ ಮಾತ್ರ ಜಗಳ. ಹೊಸದುರ್ಗದವರು ಅದು ನಡೆದದ್ದು ತಮ್ಮೂರಲ್ಲಿ, ಹಾರ ಹಾಕಿದ್ದು ಅಕ್ಕನಲ್ಲ ಅತ್ತೆ ಎನ್ನುತ್ತಾರೆ. ಹೊಳಲ್ಕೆರೆ ಕಡೆ ಕುರಿ ಕಾಯುವ ಒಬ್ಬ ಮಾವ ಬಂದು ಹಾರದ ಬದಲು ಕಂಬಳಿ ಹೊದಿಸಿದನಂತೆ. ಜವನಗೊಂಡನಹಳ್ಳಿಯಲ್ಲಿ ಕೇಳಿದರೆ, ಹಾರ ತಂದವಳು ತಪ್ಪಿ ಗೌಡನ ಕೊರಳಿಗೇ ಹಾಕಿದಳು ಎನ್ನುತ್ತಾರೆ. ನನ್ನ ಪ್ರಕಾರ ಧರ್ಮಪುರ. ಒಂದೇ ಘಟನೆ ನಾಲ್ಕು ಊರಿನಲ್ಲಿ ನಡೆದಿದೆ ಎಂದರೆ ಎಲ್ಲೂ ನಡೆದಿಲ್ಲ ಎಂದು ನಮ್ಮ ಪ್ರೊಫೆಸರು ತೀರ್ಪು ಕೊಡುತ್ತಿದ್ದರು.

ಪೆಟಾರಿಯ ಮುಚ್ಚಳ ತೆರೆದುಕೊಂಡಿತು. ಓಬಣ್ಣ ನಿಧಾನವಾಗಿ ಎದ್ದು, ಅದರ ಅಂಚಿನ ಮೇಲೆ ಕುಳಿತರು.

‘ಅದು ನಮ್ಮಕ್ಕ ಮೇಡಂ’ ಎಂದರು. ‘ಗಂಗಕ್ಕ. ಅವ್ವ ಹೋದ ಮ್ಯಾಲೆ ನನ್ನ ಸಾಕಿದ್ದೇ ಅವ್ಳು. ಧರ್ಮಪುರದ ಆಚೆ ಒಂದು ಹಳ್ಳಿಗೆ ಕೊಟ್ಟಿದ್ವಿ. ಧರ್ಮಪುರದಾಗೆ ನಾಟಕ ಐತೆ, ತಮ್ಮಂದು ಪಾರ್ಟ್ ಐತೆ ಅಂತ ಹಾರ ಕಟ್ಕಂಡು ಬಂದಾಳೆ. ನಾನು ಶುರುನಾಗೆ ಒಂದು ಗಳಿಗೆ ಕಂಡು ಪೆಟಾರಿ ಸೇರ್ಕಂಡೆ. ಕಾದ್ಲು, ಕಾದ್ಲು. ಅವ್ಳೂರಿಗೆ ಕೊನೇ ಬಸ್ಸು ದೀಪ ಹಚ್ಚೋ ಹೊತ್ತಿಗೆ. ಇನ್ನೇನು ಮಾಡ್ತಾಳೆ? ಎದ್ದು ಬಂದು ಮುಚ್ಚಳ ತೆಗೆದ್ಲು. ಬಸ್ ಹೊಂಟೈತೆ ಕಣೋ, ತಲೆ ಬಗ್ಸು ಅಂದ್ಲು.’

‘ನೀವೇನಂದ್ರಿ?’ ಶೈಲಜಾ ಕೇಳಿದರು.

‘ಇನ್ನೇನಂತೀನಿ? ಮುಚ್ಚಕ್ಕ, ನಾನಿನ್ನೂ ಸಿಕ್ಕಿಲ್ಲ ಅಂದೆ. ನಾಟಕದ ಭಯ ನನಗೆ. ಮುಚ್ಚಿ ಹೋದ್ಲು. ಜನ ನಗೋದು ಕೇಳ್ತಿತ್ತು.’ ಸ್ವಲ್ಪ ಹೊತ್ತು ಮೊಣಕಾಲು ಒತ್ತಿಕೊಂಡರು. ‘ಆಮ್ಯಾಲೆ ಜ್ವರ ಅಂತ ಸುದ್ದಿ ಬಂತು. ನಾನು ಹೋಗೋದ್ರೊಳಗೆ ಅಂಗಳದಾಗೆ ಮಲಗ್ಸಿದ್ರು. ಮಾತಾಡಿದ್ದು ಅಷ್ಟೇ, ಆ ಪೆಟಾರಿದೇ ಕೊನೆ.’

ಮೌನ ನನಗೆ ಆಗಿಬರುವುದಿಲ್ಲ. ಬಾಯಿ ತಾನಾಗಿ ತೆರೆದುಕೊಂಡಿತು. ‘ನಾನು ನೋಡಿದೀನಿ ಓಬಣ್ಣ. ಆವತ್ತು ನಾನಲ್ಲಿದ್ದೆ’ ಎಂದೆ.

ನಮ್ಮಪ್ಪ ಆಗ ಧರ್ಮಪುರದಲ್ಲಿ ದನದ ಆಸ್ಪತ್ರೆಯ ಕಾಂಪೌಂಡರು. ಪೌರಾಣಿಕ ನಾಟಕವಾದರೆ ಬೆಳಗಿನ ತನಕ. ಆದರೆ ನಗೆನಾಟಕವನ್ನು ಅಲ್ಲಿ ಬಿಸಿಲು ಇಳಿದ ಮೇಲೆ ಶುರುಮಾಡಿ ದೀಪದ ಹೊತ್ತಿಗೆ ಮುಗಿಸುತ್ತಿದ್ದರು. ಶಾಲೆಯ ಬಯಲು, ಕಾಲಡಿಯಲ್ಲಿ ಶೇಂಗಾ ಸಿಪ್ಪೆಯ ಚರಪರ, ಡ್ರಮ್ಮುಗಳ ಮೇಲೆ ಹಲಗೆ ಹಾಸಿ ಮಾಡಿದ ರಂಗ. ಎಲ್ಲ ಹೇಳಿದೆ.

ಓಬಣ್ಣ ಪೆಟಾರಿಯ ಅಂಚಿನಿಂದ ಇಳಿದು ನನ್ನ ಹತ್ತಿರ ಬಂದರು. ‘ಹೆಂಗೆ ಬಂದ್ಲು ಮೇಷ್ಟ್ರೇ?’ ಎಂದು ಕೇಳಿದರು. ‘ನಾನು ಒಳಗಿದ್ದೆ, ಕತ್ಲೆ. ಮುಚ್ಚಳ ತೆಗೆದಾಗ ಮೊದ್ಲು ಬೆಳಕು, ಆಮ್ಯಾಲೆ ಹೂವು, ಆಮ್ಯಾಲೆ ಅವ್ಳ ಮುಖ. ಮತ್ತೆ ಕತ್ಲೆ. ಅವ್ಳು ನಡೆದು ಬಂದಿದ್ದನ್ನ ಊರೆಲ್ಲ ನೋಡೈತೆ, ನಾನೊಬ್ಬ ನೋಡಿಲ್ಲ.’

‘ಬಲಗೈ ಮೇಲೆ ಹಾರ ಇತ್ತು. ಎಡಗೈಯಲ್ಲಿ ಚಪ್ಪಲಿ’ ಎಂದೆ.

‘ಚಪ್ಪಲಿನಾ?’ ಓಬಣ್ಣನ ಹುಬ್ಬು ಮೇಲೇರಿತು. ‘ನಮ್ಮನೇಲಿ ಇರೋ ತನಕ ಅವ್ಳು ಬರಿಗಾಲಲ್ಲೇ ಓಡಾಡಿದ್ದು ಕಣ್ರಿ. ಕೊಡ್ಸಾಕೆ ಆಗಿರ್ಲಿಲ್ಲ.’ ನಿಧಾನವಾಗಿ ಅವರ ಮುಖದಲ್ಲಿ ಏನೋ ಹರಡಿಕೊಂಡಿತು. ‘ಅಂದ್ರೆ ಭಾವ ಕೊಡ್ಸಿದ್ದ. ಹೊಸಾವೇ ಇರ್ಬೇಕು. ಅದಕ್ಕೇ ಬಿಟ್ ಬಂದಿಲ್ಲ, ಕೈಯಾಗೆ ಹಿಡ್ಕಂಡಾಳೆ. ಲೇ ಬಸಣ್ಣ, ಕೇಳಿದೇನೋ? ಅಕ್ಕನ್ನ ಚೆನ್ನಾಗಿ ನೋಡ್ಕಂಡಿದ್ರು ಕಣೋ!’

ಆ ಸಂಜೆ ಅವರು ತಾಲೀಮಿನ ಉದ್ದಕ್ಕೂ ಪೆಟಾರಿಯೊಳಗೆ ಸಣ್ಣಗೆ ಹಾಡು ಗುನುಗುತ್ತಿದ್ದುದು ಹೊರಗಿದ್ದ ನಮಗೆಲ್ಲ ಕೇಳಿಸುತ್ತಿತ್ತು.

ನಾನು ಹಗುರಾಗಿ ಮನೆಗೆ ಬಂದೆ. ಹಗುರವಾದದ್ದು ನನ್ನಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಅಡುಗೆಮನೆಯಲ್ಲಿ ಅವ್ವ ಬೆಳ್ಳುಳ್ಳಿ ಬಿಡಿಸುತ್ತ ಕುಳಿತಿದ್ದಳು. ಒಂದು ಸಾಕ್ಷಿ ಸಾಲದು ಎಂಬ ಪಾಠ ನೆನಪಾಗಿ ಧರ್ಮಪುರದ ಆ ನಾಟಕದ ಬಗ್ಗೆ ಕೇಳಿಬಿಟ್ಟೆ.

‘ನೀನೆಲ್ಲಿ ನೋಡ್ದಿ?’ ಎಂದಳು ಅವ್ವ. ‘ಪರದೆ ಮ್ಯಾಲೆ ಹೋಗೋದ್ರೊಳಗೆ ನಿದ್ದೆ ಹೊಡೆದಿದ್ದಿ.’

‘ಯಾರೋ ಹೆಂಗಸು ರಂಗ ಹತ್ತಿದ್ದು ನಿಜ ತಾನೆ?’

‘ಹತ್ತಿದ್ಲು, ಹಾರ ಹಾಕಿದ್ಲು.’

‘ಕೈಯಲ್ಲಿ ಚಪ್ಪಲಿ ಇತ್ತಲ್ಲ?’

‘ಅವ್ಳ ಕೈಕಾಲು ಯಾರು ನೋಡ್ತಾರೆ? ಚಪ್ಪಲಿ ಹಿಡ್ಕಂಡಿದ್ದು ನೀನು. ನಿಮ್ಮಪ್ಪ ಆವತ್ತೇ ಹಿರಿಯೂರಿಂದ ಹೊಸ ಚಪ್ಪಲಿ ತಂದಿದ್ರು. ಕೆಳಗಿಡು ಅಂದ್ರೆ ಇಡ್ಲಿಲ್ಲ. ನಿದ್ದೇಲೂ ಎದೆಗೆ ಅವಚ್ಕಂಡಿದ್ದಿ.’

ಬೆಳ್ಳುಳ್ಳಿ ಸಿಪ್ಪೆ ಫ್ಯಾನಿನ ಗಾಳಿಗೆ ಹಾರಾಡುತ್ತಿತ್ತು. ನನ್ನ ಸುಂದರವಾದ ಉತ್ತರವೂ ಅದರ ಜೊತೆ ಹಾರಾಡುತ್ತಿತ್ತು. ಅವಳಿಂದ ನನಗೆ ಚಪ್ಪಲಿ ಹಿಡಿಯುವ ಅಭ್ಯಾಸ ಬಂತೋ, ನನ್ನ ಚಪ್ಪಲಿಯನ್ನೇ ನಾನು ನಿದ್ದೆಗಣ್ಣಲ್ಲಿ ಅವಳ ಕೈಗೆ ಕೊಟ್ಟುಬಿಟ್ಟೆನೋ? ಆರು ವರ್ಷದ ಹುಡುಗ ಕನಸಿನಲ್ಲಿ ಒಬ್ಬ ಹೆಂಗಸಿಗೆ ಕೊಟ್ಟ ಚಪ್ಪಲಿಯನ್ನು ಐವತ್ತು ದಾಟಿದ ಮೇಲೆ ಅವಳ ತಮ್ಮನಿಗೆ ನಿಜವೆಂದು ಒಪ್ಪಿಸಿ ಬಂದಿದ್ದೇನೆಯೇ? ಅವ್ವನ ನೆನಪು ಮಾತ್ರ ನೆಟ್ಟಗಿದೆ ಎಂದೇನೂ ಅಲ್ಲ. ಆ ನಾಟಕ ನಡೆದದ್ದು ಜವನಗೊಂಡನಹಳ್ಳಿಯಲ್ಲಿ ಎಂದು ಮಾತು ಮುಗಿಸುವಾಗ ಅವಳು ಹೇಳಿದಳು. ಆದರೂ ಅನುಮಾನ ಒಮ್ಮೆ ಒಳಗೆ ಬಂದರೆ ಹೊರಗೆ ಹೋಗುವುದಿಲ್ಲ.

ಮರುದಿನ ತಾಲೀಮಿಗೆ ಮುಂಚೆ ಶೈಲಜಾ ಎಲ್ಲರ ಎದುರಿಗೆ ನನ್ನನ್ನು ಕೇಳಿದರು. ‘ಸರ್, ನಂಗೆ ಆ ಅಕ್ಕನ್ನ ನಾಟಕದೊಳಗೆ ಹೇಗೆ ತರೋದು ಅಂತ ಗೊತ್ತಾಗ್ತಿಲ್ಲ. ಆದರೆ ಅದು ನಿಜವಾಗಿ ಹಾಗೇ ನಡೆದಿದ್ದು ಅಂತಾದರೆ, ನಡೆದ ಹಾಗೇ ಇಟ್ಟುಬಿಡ್ತೀನಿ. ನೀವು ಕಣ್ಣಾರೆ ನೋಡಿದೀರಿ ಅಲ್ವಾ? ಒಂದು ಮಾತು ಹೇಳಿ.’

ಹೌದು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಓಬಣ್ಣ ಪೆಟಾರಿಯ ಪಕ್ಕದಲ್ಲಿ ಕೈ ಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, ‘ಖಚಿತವಾಗಿ ಹೇಳಲಾರೆ. ನಾನು ಆಗ ನಿದ್ದೆ ಮಾಡುತ್ತಿದ್ದಿರಬಹುದು. ಚಪ್ಪಲಿ ನನ್ನದೇ ಇರಬಹುದು’ ಎಂದೆ.

‘ಚಪ್ಪಲಿ ನಿಮ್ಮದಾ?’ ಎಂದರು ಓಬಣ್ಣ. ಅಷ್ಟೇ. ಪೆಟಾರಿಯೊಳಗೆ ಇಳಿದು, ತಾವೇ ಮುಚ್ಚಳ ಎಳೆದುಕೊಂಡರು. ಅವತ್ತು ಗುನುಗು ಕೇಳಿಸಲಿಲ್ಲ. ಅಕ್ಕನ ಜಾಗವನ್ನು ಶೈಲಜಾ ಬಿಟ್ಟುಬಿಟ್ಟರು. ಮನೆಗೆ ಹೋಗುವಾಗ ಬಸಣ್ಣ ನನ್ನ ಹೆಗಲ ಮೇಲೆ ಕೈ ಹಾಕಿ, ‘ಏನಪ್ಪ ಮೇಷ್ಟ್ರೇ, ಓದಿದೋರು ಸುಳ್ಳು ಹೇಳಲ್ಲ ಅಂತ ಇವತ್ತು ಗೊತ್ತಾಯ್ತು. ಬೇಕಾದಾಗ್ಲೂ ಹೇಳಲ್ಲ, ನೋಡಪ್ಪ’ ಎಂದ.

ನಾಟಕ ಭರಮಸಾಗರದಲ್ಲಿ, ಕೆರೆಯ ಹತ್ತಿರದ ಬಯಲಿನಲ್ಲಿ. ಅದು ಓಬಣ್ಣನ ಊರೇ ಆದ್ದರಿಂದ ಜನ ಚೆನ್ನಾಗಿ ಸೇರಿದ್ದರು. ಬಿಸಿಲು ಇಳಿಯುತ್ತಿತ್ತು. ಕೆರೆಯ ಕಡೆಯಿಂದ ಗಾಳಿ ಬಂದು ಪರದೆಯನ್ನು ಉಬ್ಬಿಸುತ್ತಿತ್ತು. ಹಗ್ಗ ಹಿಡಿದ ನನಗೆ ಯಾವುದೋ ದೋಣಿಯ ಹಾಯಿ ಹಿಡಿದು ನಿಂತಂತೆ ಅನಿಸುತ್ತಿತ್ತು. ಬೆಳಕು ಮೆಲ್ಲಗೆ ಬಣ್ಣ ಬದಲಿಸಿತು. ಆ ಬಣ್ಣ ನನಗೆ ಗೊತ್ತಿತ್ತು. ಎಲ್ಲಿಂದ ಗೊತ್ತು ಎಂದು ಮಾತ್ರ ಕೇಳಬೇಡಿ.

ಬಸಣ್ಣ ಪೆಟಾರಿಯ ಮೇಲೆ ಕುಳಿತು ಉಂಡ, ಎಲೆಯಡಿಕೆ ಹಾಕಿದ, ಬೈದ. ಜನ ನಕ್ಕರು. ಆಮೇಲೆ ಎದ್ದು ಬಾಗಿಲ ಕಡೆ ತಿರುಗಿದ. ತಾಲೀಮಿನಂತೆ ಅವನು ಒಮ್ಮೆ ಇಣುಕಿ ವಾಪಸ್ ಬರಬೇಕಿತ್ತು. ಆದರೆ ಆ ಕ್ಷಣದಲ್ಲಿ ಪ್ರೇಕ್ಷಕರಲ್ಲಿ ಒಂದು ಸದ್ದು ಹುಟ್ಟಿತು. ನಗುವಲ್ಲ, ನಗುವಿಗೆ ಮುಂಚೆ ಜನ ಉಸಿರು ಎಳೆದುಕೊಳ್ಳುತ್ತಾರಲ್ಲ, ಅದು. ಎಲ್ಲರೂ ಹಿಂದೆ ಮುಂದೆ ತಿರುಗಿ ನೋಡತೊಡಗಿದರು. ಒಬ್ಬ ಮುದುಕಿ ಗಟ್ಟಿಯಾಗಿ, ‘ಅಕ್ಕ ಎಲ್ರಪ್ಪಾ?’ ಎಂದಳು. ಇನ್ನೊಬ್ಬರು, ‘ಬತ್ತಾಳೆ ತಡಿಯಮ್ಮ, ಬಸ್ ಲೇಟಿರ್ಬೇಕು’ ಎಂದರು.

ಬಸಣ್ಣ ತಿರುಗಲಿಲ್ಲ. ಬೇಕೆಂದೋ, ಮಾತು ಮರೆತೋ, ಬಾಗಿಲ ಹಿಂದೆ ಇಣುಕಿದವನು ಇಣುಕಿಯೇ ನಿಂತುಬಿಟ್ಟ. ಪೆಟಾರಿ ರಂಗದ ನಡುವೆ ಒಂಟಿಯಾಗಿ ಕುಳಿತಿತ್ತು. ಪರದೆಯ ಪಕ್ಕದ ಕುರ್ಚಿಯ ಮೇಲೆ ಊರ ಹಿರಿಯರಿಗೆ ಹಾಕಲೆಂದು ತಂದಿಟ್ಟ ಸೇವಂತಿಗೆ ಹಾರಗಳಿದ್ದವು.

ನಾನು ತೀರ್ಮಾನ ಮಾಡಿದೆ ಎಂದು ಬರೆದರೆ ಅದು ಸುಳ್ಳಾಗುತ್ತದೆ. ನನಗೆ ನೆನಪಿರುವುದು ಹಲಗೆಗಳು ಕಾಲಡಿಯಲ್ಲಿ ಬೆಚ್ಚಗಿದ್ದದ್ದು. ಎದುರಿಗೆ ಸೂರ್ಯನಿದ್ದುದರಿಂದ ಜನ ಕಾಣುತ್ತಿರಲಿಲ್ಲ, ಬರೀ ಹೊಂಬಣ್ಣ. ನಾನು ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಪಡಸಾಲೆಯಿಂದ ಅಡುಗೆಮನೆಗೆ ಹೋಗುವಷ್ಟು ಸಲೀಸು. ಪೆಟಾರಿಯ ಮುಂದೆ ನಿಂತು ಮುಚ್ಚಳಕ್ಕೆ ಕೈ ಚಾಚಿದಾಗ ನನ್ನ ಎಡಗೈಯಲ್ಲಿ ಚಪ್ಪಲಿ ಇರುವುದು ಕಂಡಿತು. ರಂಗದ ಪಕ್ಕಕ್ಕೆ ಬರುವಾಗ ಕಳಚಿದ್ದೆನಲ್ಲ, ಎಂದಿನಂತೆ ಹಿಡಿದುಕೊಂಡಿದ್ದೆ.

ಹಾರ ಇಳಿಬಿಟ್ಟಿದ್ದ ಬಲಗೈಯಲ್ಲೇ ಮುಚ್ಚಳ ಎತ್ತಿದೆ. ರಾಗಿಯ ವಾಸನೆ ಬಂತು. ಒಳಗೆ ಓಬಣ್ಣ ಮೊಣಕಾಲು ಮಡಚಿ, ಕಣ್ಣು ಮುಚ್ಚಿ ಕುಳಿತಿದ್ದರು. ಅಕ್ಕ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಎಷ್ಟೋ ದಿನ ಅಕ್ಕನಿಲ್ಲದೆಯೇ ತಾಲೀಮು ಮಾಡಿದ್ದರು. ಆದರೂ ಅವರ ಕುತ್ತಿಗೆ ಆಗಲೇ ಬಗ್ಗಿತ್ತು.

ಹಾರ ಹಾಕಿದೆ. ‘ಬಸ್ ಹೊಂಟೈತೆ’ ಎಂದೆ. ಬೇರೇನೂ ತೋಚಲಿಲ್ಲ.

ಓಬಣ್ಣ ಕಣ್ಣು ತೆರೆಯಲಿಲ್ಲ. ‘ಮುಚ್ಚಕ್ಕ’ ಎಂದರು, ನನಗೆ ಮಾತ್ರ ಕೇಳಿಸುವಂತೆ. ಆಮೇಲೆ ತಲೆಯೆತ್ತಿ, ಹಳೆಯ ಕಂಡಕ್ಟರನ ಗಂಟಲಿನಲ್ಲಿ ಇಡೀ ಬಯಲಿಗೆ ಕೇಳುವಂತೆ ಕೂಗಿದರು: ‘ಮುಚ್ಚಕ್ಕ! ನಾನಿನ್ನೂ ಸಿಕ್ಕಿಲ್ಲ!’

ನಗು ಹೇಗೆ ಬಿತ್ತು ಎಂದು ನಾನು ವರ್ಣಿಸಲಾರೆ, ಏಕೆಂದರೆ ನಾನಲ್ಲಿ ನಿಲ್ಲಲಿಲ್ಲ. ಮುಚ್ಚಳ ಹಾಕಿ, ಬಂದ ಕಡೆಗೆ ಹೋಗುವ ಬದಲು ಎದುರಿಗೇ ನಡೆದು, ರಂಗದಿಂದ ಜನರ ನಡುವೆ ಇಳಿದುಬಿಟ್ಟೆ. ಇಳಿದ ಮೇಲೆ ಎಲ್ಲಿಗೆ ಹೋಗುವುದು? ಜನ ದಾರಿ ಬಿಟ್ಟರು. ಬಸ್ಸು ಹಿಡಿಯಬೇಕಾದವನ ಹಾಗೆ ಬಿರಬಿರನೆ ನಡೆದು ಬಯಲು ದಾಟಿ, ಕೆರೆ ಏರಿಯ ಹತ್ತಿರ ಬಂದು ನಿಂತೆ. ದಾವಣಗೆರೆ ಕಡೆಯ ಒಂದು ಬಸ್ಸು ಬಂದು ನನ್ನ ಮುಂದೆ ನಿಧಾನಿಸಿತು. ಹತ್ತಲಿಲ್ಲ. ನೀರಿನ ಮೇಲಿಂದ ನಗು ಅಲೆ ಅಲೆಯಾಗಿ ಬರುತ್ತಿತ್ತು. ಕೆಲಸ ಬಿಟ್ಟು ಬಂದಿದ್ದೇನೆ, ಪರದೆ ಎಳೆಯುವವರು ಯಾರು ಎಂಬುದು ಹೊಳೆದದ್ದು ಬಹಳ ಹೊತ್ತಿನ ಮೇಲೆ. ಶೈಲಜಾ ತಾವೇ ಎಳೆದರಂತೆ. ಮರುದಿನ ಸಿಕ್ಕಾಗ, ‘ಪುಸ್ತಕದಲ್ಲಿ ಇಲ್ಲದ್ದನ್ನು ಸೇರಿಸಿದ್ದೀರಿ ಸರ್’ ಎಂದರು. ತಮ್ಮ ಪುಸ್ತಕದಲ್ಲಿ ಆ ಪುಟದ ಅಂಚಿಗೆ ಪೆನ್ಸಿಲಿನಲ್ಲಿ ‘ಅಕ್ಕ’ ಎಂದು ಬರೆದದ್ದನ್ನು ತೋರಿಸಿದರು.

ಯಾರೋ ಮೊಬೈಲಿನಲ್ಲಿ ನಾಟಕ ಹಿಡಿದಿದ್ದರು. ಒಂದು ಬೆಳಿಗ್ಗೆ ಓಬಣ್ಣ ನಮ್ಮ ಮನೆಗೆ ಬಂದರು. ಸುಧಾ ಕಾಫಿ ಕೊಟ್ಟಳು. ಲೋಟ ಪಕ್ಕಕ್ಕಿಟ್ಟು, ಮೊಬೈಲನ್ನು ನನ್ನ ಕಣ್ಣಿನ ಮುಂದೆ ಹಿಡಿದು, ಆ ಜಾಗಕ್ಕೆ ತಂದರು. ದೂರದಿಂದ ಹಿಡಿದ ಚಿತ್ರ, ಮುಖ ಕಾಣುವುದಿಲ್ಲ. ಹೊಂಬಣ್ಣದಲ್ಲಿ ಯಾರೋ ಒಬ್ಬರು ಒಂದು ಕೈ ಮೇಲೆ ಹಾರ, ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು ಪೆಟಾರಿಯ ಕಡೆಗೆ ನಡೆಯುತ್ತಿದ್ದಾರೆ. ಓಬಣ್ಣ ಅದನ್ನು ಹಿಂದಕ್ಕೆ ಎಳೆದು ಮತ್ತೆ ಹಾಕಿದರು. ಮತ್ತೆ ಹಾಕಿದರು.

‘ಹಿಂಗೇ ಬಂದ್ಲಾ ಮೇಷ್ಟ್ರೇ?’

ನಮ್ಮ ಪ್ರೊಫೆಸರು ಎಲ್ಲಿದ್ದಾರೋ, ಕ್ಷಮಿಸಲಿ.

‘ಹಿಂಗೇ’ ಎಂದೆ.

‘ಚಪ್ಪಲಿ ಹೊಸಾವಾ?’

‘ಹೊಸಾವು. ಹೊಳೀತಿದ್ವು.’

ಓಬಣ್ಣ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡಿದರು. ಕಾಫಿ ಆರುತ್ತಿತ್ತು. ಯಾರೂ ಕೇಳಿಸಿಕೊಳ್ಳದಿದ್ದರೂ ಪರವಾಗಿಲ್ಲ ಎನ್ನುವ ಧ್ವನಿಯಲ್ಲಿ ಕೇಳಿದರು: ‘ಬಸ್ಸು ಸಿಕ್ತಾ ಅವ್ಳಿಗೆ?’

‘ಸಿಕ್ತು’ ಎಂದೆ. ‘ಕಂಡಕ್ಟರು ಸೀಟಿ ಊದದೆ ಕಾಯ್ತಿದ್ದ. ಕಿಟಕಿ ಪಕ್ಕದ ಸೀಟೇ ಸಿಕ್ತು.’